ಪೇಸ್‌ಮೇಕರ್ ಬದಲಾವಣೆ: ಬಿಲ್ಲಿನ ಐದಂಕಿಗಳು ಏನು ಹೇಳುತ್ತವೆ?

ಮನೆಯ ಹಿರಿಯರೊಬ್ಬರ ಎದೆಯಲ್ಲಿ ಪೇಸ್‌ಮೇಕರ್ ಇರುವುದು ಇಂದು ಅಪರೂಪದ ಸಂಗತಿಯೇನಲ್ಲ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಅದನ್ನು ಹಾಕಿಸಿಕೊಂಡು, ಎಂಟು ಹತ್ತು ವರ್ಷ ಅದರ ಗೊಡವೆಯೇ ಇಲ್ಲದೆ ಓಡಾಡಿಕೊಂಡಿರುವವರು ಬಹಳ ಮಂದಿ. ಇಂಥವರಲ್ಲಿ ಕೆಲವರು ಮಕ್ಕಳ ಜೊತೆ ಅಮೆರಿಕದಲ್ಲಿ ನೆಲೆಸಿರುತ್ತಾರೆ, ಇನ್ನು ಕೆಲವರು ಆರು ತಿಂಗಳ ಮಟ್ಟಿಗೆ ಹೋಗಿ ಬರುತ್ತಾರೆ. ಬ್ಯಾಟರಿ ಮುಗಿಯುವ ಕಾಲ ಒಮ್ಮೊಮ್ಮೆ ಅಲ್ಲಿದ್ದಾಗಲೇ ಬಂದುಬಿಡುತ್ತದೆ. ಚಿಕಿತ್ಸೆಯೇನೋ ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ. ಆದರೆ ಕೆಲವು ವಾರಗಳ ನಂತರ ಬರುವ ಬಿಲ್ಲು ಮನೆಮಂದಿಯ ನಿದ್ದೆ ಕೆಡಿಸುತ್ತದೆ. ಅದರಲ್ಲಿ ತಿಳಿಯುವ ಮಾತಿಗಿಂತ ಅಂಕಿಗಳೇ ಹೆಚ್ಚು: 33228, ಸಿ1785, ಝಡ್45.010!

ಇಂಥ ಬಿಲ್ಲನ್ನು ಮೊಬೈಲಿನಲ್ಲಿ ತೋರಿಸಿ, 'ಡಾಕ್ಟ್ರೇ, ಇದು ಸರಿಯಿದೆಯೇ ನೋಡಿ' ಎಂದು ಕೇಳುವವರು ನನ್ನ ಚಿಕಿತ್ಸಾಲಯಕ್ಕೂ ಬರುತ್ತಾರೆ. ಅವರಿಗೆ ನಾನು ಹೇಳುವುದು ಇಷ್ಟೇ. ಈ ಅಂಕಿಗಳಿಗೆ ಹೆದರಬೇಕಾಗಿಲ್ಲ. ಎದೆಯೊಳಗೆ ಏನನ್ನು ತೆಗೆದರು, ಏನನ್ನು ಇಟ್ಟರು, ಏನನ್ನು ಹಾಗೆಯೇ ಬಿಟ್ಟರು ಎಂಬ ಮೂರು ಸಂಗತಿ ತಿಳಿದಿದ್ದರೆ, ಬಿಲ್ಲಿನ ಮುಖ್ಯ ಸಂಕೇತ ಸರಿಯೋ ತಪ್ಪೋ ಎಂದು ಮನೆಯವರೇ ಹೇಳಬಹುದು. ಈ ವಾರ ಅದನ್ನೇ ಕ್ರಮವಾಗಿ ನೋಡೋಣ.

ಪೇಸ್‌ಮೇಕರ್ ಎಂದರೇನು?

ನಮ್ಮ ಹೃದಯ ದಿನವೊಂದಕ್ಕೆ ಸುಮಾರು ಒಂದು ಲಕ್ಷ ಸಲ ಮಿಡಿಯುತ್ತದೆ. ಪ್ರತಿಯೊಂದು ಮಿಡಿತಕ್ಕೂ ಮೊದಲು ಬಲ ಹೃತ್ಕರ್ಣದ ಮೇಲ್ಭಾಗದಲ್ಲಿರುವ ಒಂದು ಸಣ್ಣ ಗಂಟಿನಿಂದ ವಿದ್ಯುತ್ ಪ್ರಚೋದನೆ ಹೊರಡುತ್ತದೆ. ಅದು ಹೃತ್ಕರ್ಣಗಳನ್ನು ದಾಟಿ, ನಡುವಿನ ಇನ್ನೊಂದು ಗಂಟಿನ ಮೂಲಕ ಕೆಳಗಿನ ಹೃತ್ಕುಕ್ಷಿಗಳನ್ನು ತಲುಪುತ್ತದೆ. ವಯಸ್ಸಿನಿಂದಲೋ ಕಾಯಿಲೆಯಿಂದಲೋ ಮೇಲಿನ ಗಂಟು ಸೋತಾಗ, ಅಥವಾ ನಡುವಿನ ದಾರಿ ಕಟ್ಟಿಹೋದಾಗ ಮಿಡಿತ ನಿಧಾನವಾಗುತ್ತದೆ. ತಲೆಸುತ್ತು, ಆಯಾಸ, ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪಿ ಬೀಳುವುದು ಇದರ ಲಕ್ಷಣಗಳು.

ಆಗ ನೆರವಿಗೆ ಬರುವುದೇ ಪೇಸ್‌ಮೇಕರ್. ಇದರಲ್ಲಿ ಎರಡು ಭಾಗಗಳಿವೆ. ಮೊದಲನೆಯದು ಕೊರಳೆಲುಬಿನ ಕೆಳಗೆ ಚರ್ಮದಡಿ ಇಡುವ, ಕೈಗಡಿಯಾರದಷ್ಟು ಗಾತ್ರದ ಟೈಟಾನಿಯಂ ಪೆಟ್ಟಿಗೆ. ಬ್ಯಾಟರಿ ಮತ್ತು ವಿದ್ಯುನ್ಮಾನ ಮಂಡಲ ಇರುವುದು ಇದರಲ್ಲೇ. ವೈದ್ಯರು ಇದನ್ನು ಪಲ್ಸ್ ಜನರೇಟರ್ ಎನ್ನುತ್ತಾರೆ. ಎರಡನೆಯದು ಲೀಡ್ ಎಂದು ಕರೆಯುವ ತಂತಿ. ಇದು ಅಭಿಧಮನಿಯ ಮೂಲಕ ಹೃದಯದೊಳಕ್ಕೆ ಇಳಿದು, ಅದರ ಗೋಡೆಗೆ ಅಂಟಿಕೊಂಡಿರುತ್ತದೆ. ಕೆಲವರಿಗೆ ಒಂದೇ ತಂತಿ ಸಾಕು. ಅನೇಕರಿಗೆ ಹೃತ್ಕರ್ಣಕ್ಕೊಂದು, ಹೃತ್ಕುಕ್ಷಿಗೊಂದು ಎಂದು ಎರಡು ತಂತಿಗಳಿರುತ್ತವೆ. ಹೃದಯದ ಬಲವೇ ಕುಗ್ಗಿರುವ ಕೆಲವರಲ್ಲಿ ಎಡ ಹೃತ್ಕುಕ್ಷಿಗೂ ಒಂದು ತಂತಿ ಹಾಕುವುದುಂಟು. ತಂತಿಗಳ ಈ ಲೆಕ್ಕವನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಬಿಲ್ಲಿನ ಸಂಕೇತ ನಿಂತಿರುವುದು ಇದರ ಮೇಲೆಯೇ.

ಬದಲಿಸುವುದು ಏನನ್ನು?

'ಬ್ಯಾಟರಿ ಬದಲಾಯಿಸಿದರು' ಎಂದು ನಾವು ಹೇಳುವುದು ರೂಢಿ. ಆದರೆ ಟಾರ್ಚಿನ ಸೆಲ್ ತೆಗೆದಂತೆ ಪೇಸ್‌ಮೇಕರಿನ ಬ್ಯಾಟರಿಯನ್ನಷ್ಟೇ ತೆಗೆಯಲು ಬರುವುದಿಲ್ಲ. ನೀರಿನಂಶ ಒಳಗೆ ಸೇರದಂತೆ ಪೆಟ್ಟಿಗೆಯನ್ನು ಪೂರ್ತಿ ಬೆಸುಗೆ ಹಾಕಿ ಮುಚ್ಚಿರುತ್ತಾರೆ. ಆದ್ದರಿಂದ ಬ್ಯಾಟರಿ ಮುಗಿದಾಗ ಇಡೀ ಪೆಟ್ಟಿಗೆಯೇ ಹೊಸದಾಗಬೇಕು. ತಂತಿಗಳು ಸುಸ್ಥಿತಿಯಲ್ಲಿದ್ದರೆ ಅವನ್ನು ಮುಟ್ಟುವುದಿಲ್ಲ. ಹಳೆಯ ಗಾಯದ ಗುರುತಿನ ಬಳಿಯೇ ಚರ್ಮ ಬಿಡಿಸಿ, ಹಳೆಯ ಪೆಟ್ಟಿಗೆಯಿಂದ ತಂತಿಗಳನ್ನು ಕಳಚಿ, ಅವು ಸರಿಯಾಗಿವೆಯೇ ಎಂದು ಪರೀಕ್ಷಿಸಿ, ಹೊಸ ಪೆಟ್ಟಿಗೆಗೆ ಜೋಡಿಸಿ ಹೊಲಿಗೆ ಹಾಕುತ್ತಾರೆ. ಸಾಮಾನ್ಯವಾಗಿ ಸ್ಥಳೀಯ ಅರಿವಳಿಕೆ, ಜೊತೆಗೆ ಸ್ವಲ್ಪ ಮಂಪರಿನ ಔಷಧಿ ಸಾಕಾಗುತ್ತದೆ. ಬಹಳ ಮಂದಿ ಅದೇ ದಿನ ಅಥವಾ ಮರುದಿನ ಮನೆಗೆ ಹೋಗುತ್ತಾರೆ.

ಬದಲಾವಣೆ ಎಂಬುದು ಪೇಸ್‌ಮೇಕರಿನ ಚರಿತ್ರೆಯುದ್ದಕ್ಕೂ ಇದೆ. 1958ರ ಅಕ್ಟೋಬರ್ 8ರಂದು ಸ್ವೀಡನ್ನಿನಲ್ಲಿ ಶಸ್ತ್ರವೈದ್ಯ ಓಕೆ ಸೆನ್ನಿಂಗ್ ಅವರು, ಎಂಜಿನಿಯರ್ ರೂನ್ ಎಲ್ಮ್‌ಕ್ವಿಸ್ಟ್ ತಯಾರಿಸಿದ ಪೇಸ್‌ಮೇಕರನ್ನು ಆರ್ನೆ ಲಾರ್ಸನ್ ಎಂಬ ರೋಗಿಯ ದೇಹದೊಳಗೆ ಅಳವಡಿಸಿದರು. ಜಗತ್ತಿನಲ್ಲಿ ಅದೇ ಮೊದಲು. ಆ ಸಾಧನ ಕೆಲವೇ ಗಂಟೆ ಕೆಲಸ ಮಾಡಿತು. ಲಾರ್ಸನ್ ಮಾತ್ರ 2001ರವರೆಗೆ, 86 ವರ್ಷ ಬಾಳಿದರು. ಅಷ್ಟರಲ್ಲಿ ಅವರಿಗೆ ಹಾಕಿದ ಪೇಸ್‌ಮೇಕರುಗಳ ಸಂಖ್ಯೆ 26! ಅವರು ತೀರಿಕೊಂಡದ್ದೂ ಹೃದಯದ ತೊಂದರೆಯಿಂದಲ್ಲ. 1970ರ ದಶಕದಲ್ಲಿ ಲಿಥಿಯಂ ಬ್ಯಾಟರಿ ಬಂದ ಮೇಲೆ ಆಯಸ್ಸು ಹೆಚ್ಚಿತು. ಇಂದಿನ ಪೆಟ್ಟಿಗೆಗಳು ಸಾಮಾನ್ಯವಾಗಿ 8ರಿಂದ 12 ವರ್ಷ, ಕೆಲವು ಇನ್ನೂ ಹೆಚ್ಚು ಕಾಲ ನಡೆಯುತ್ತವೆ. ಹೃದಯಕ್ಕೆ ಸದಾ ಆಸರೆ ಕೊಡಬೇಕಾದಾಗ ಬ್ಯಾಟರಿ ಬೇಗ ಸವೆಯುತ್ತದೆ.

ಪೇಸ್‌ಮೇಕರ್ ಒಂದೇ ದಿನದಲ್ಲಿ ಕೈಕೊಡುವುದಿಲ್ಲ. ಬ್ಯಾಟರಿ ಒಂದು ಮಟ್ಟಕ್ಕೆ ಇಳಿದಾಗ 'ಬದಲಿಸುವ ಕಾಲ ಬಂದಿದೆ' ಎಂಬ ಸೂಚನೆ ತಪಾಸಣೆಯಲ್ಲಿ ಕಾಣಿಸುತ್ತದೆ. ಅಲ್ಲಿಂದ ಸಾಮಾನ್ಯವಾಗಿ ಸುಮಾರು ಮೂರು ತಿಂಗಳ ಕಾಲಾವಕಾಶ ಇರುತ್ತದೆ. ಗಾಬರಿಪಡದೆ ಸಿದ್ಧತೆ ಮಾಡಿಕೊಳ್ಳಲು, ಖರ್ಚಿನ ವಿಚಾರ ಕೇಳಿ ತಿಳಿಯಲು ಇದೇ ತಕ್ಕ ಸಮಯ. ಸುಮ್ಮನೆ ಮುಂದೂಡಲು ಮಾತ್ರ ಅಲ್ಲ.

ಸಂಕೇತಗಳು ಏಕೆ?

ಅಮೆರಿಕದಲ್ಲಿ ವೈದ್ಯರೂ ಆಸ್ಪತ್ರೆಯೂ ಬಿಲ್ಲನ್ನು ಹೆಚ್ಚಾಗಿ ಕಳಿಸುವುದು ವಿಮಾ ಸಂಸ್ಥೆಗೆ, ಇಲ್ಲವೇ 65 ದಾಟಿದವರಿಗಾಗಿ ಸರ್ಕಾರ ನಡೆಸುವ ಮೆಡಿಕೇರ್ ಯೋಜನೆಗೆ. ಒಬ್ಬೊಬ್ಬ ವೈದ್ಯ ಒಂದೊಂದು ಬಗೆಯಲ್ಲಿ ಬರೆದರೆ ಲೆಕ್ಕ ಹಿಡಿಯುವುದು ಹೇಗೆ? ಅದಕ್ಕಾಗಿ ಪ್ರತಿಯೊಂದು ಚಿಕಿತ್ಸೆಗೂ ಐದಂಕಿಯ ಒಂದು ಸಂಖ್ಯೆ ಕೊಟ್ಟಿದ್ದಾರೆ. ಸಿ.ಪಿ.ಟಿ. ಎಂಬ ಈ ಪಟ್ಟಿಯನ್ನು ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ 1966ರಲ್ಲಿ ಮೊದಲು ಪ್ರಕಟಿಸಿತು. ಈಗ ಅದು ವರ್ಷವರ್ಷವೂ ಪರಿಷ್ಕಾರವಾಗುತ್ತದೆ.

ಸಿ.ಪಿ.ಟಿ. ಹೇಳುವುದು 'ಏನು ಮಾಡಿದರು' ಎಂಬುದನ್ನು. 'ಯಾವ ಕಾರಣಕ್ಕೆ ಮಾಡಿದರು' ಎಂಬುದನ್ನು ಹೇಳುವ ಪಟ್ಟಿ ಬೇರೆ. ಅದು ಐ.ಸಿ.ಡಿ.-10. ಅಮೆರಿಕದ ಬಿಲ್ಲುಗಳಲ್ಲಿ ಇದು 2015ರ ಅಕ್ಟೋಬರ್ 1ರಿಂದ ಬಳಕೆಯಲ್ಲಿದೆ. ಇದರ ಸಂಕೇತ ಅಕ್ಷರದಿಂದ ಆರಂಭವಾಗುತ್ತದೆ. ಮಾಡಿದ ಕೆಲಸ ಮತ್ತು ಕಾರಣ, ಇವೆರಡೂ ಒಂದಕ್ಕೊಂದು ಹೊಂದಿದರೆ ಹಣ ಮಂಜೂರಾಗುತ್ತದೆ. ಹೊಂದದಿದ್ದರೆ ಬಿಲ್ಲು ತಿರಸ್ಕೃತವಾಗಿ ರೋಗಿಯ ಮನೆ ಬಾಗಿಲಿಗೆ ಬಂದು ನಿಲ್ಲಬಹುದು.

ಬದಲಾವಣೆಯ ಮೂರು ಸಂಖ್ಯೆಗಳು

ತಂತಿಗಳನ್ನು ಹಾಗೆಯೇ ಉಳಿಸಿಕೊಂಡು, ಹಳೆಯ ಪೆಟ್ಟಿಗೆ ತೆಗೆದು ಹೊಸದನ್ನು ಇಡುವುದಕ್ಕೆ ಇರುವ ಸಂಖ್ಯೆಗಳು ಮೂರೇ ಮೂರು:

33227 – ಒಂದು ತಂತಿಯ ಪೇಸ್‌ಮೇಕರ್.
33228 – ಎರಡು ತಂತಿಗಳ ಪೇಸ್‌ಮೇಕರ್.
33229 – ಎರಡಕ್ಕಿಂತ ಹೆಚ್ಚು ತಂತಿಗಳ ಪೇಸ್‌ಮೇಕರ್.

ತೆಗೆಯುವುದು, ಇಡುವುದು ಎರಡೂ ಈ ಒಂದೇ ಸಂಖ್ಯೆಯಲ್ಲಿ ಅಡಕವಾಗಿವೆ. 2012ಕ್ಕೆ ಮೊದಲು ಹೀಗಿರಲಿಲ್ಲ. ಪೆಟ್ಟಿಗೆ ತೆಗೆದದ್ದಕ್ಕೆ 33233 ಎಂದೂ, ಹೊಸದನ್ನು ಇಟ್ಟದ್ದಕ್ಕೆ ಬೇರೊಂದು ಸಂಖ್ಯೆಯನ್ನೂ ಬರೆಯುತ್ತಿದ್ದರು. 2012ರಲ್ಲಿ ಎರಡನ್ನೂ ಕೂಡಿಸಿ ಈ ಮೂರು ಸಂಖ್ಯೆಗಳನ್ನು ತಂದರು. ಹೀಗಾಗಿ ಇಂದಿನ ಬಿಲ್ಲಿನಲ್ಲಿ ಒಂದೇ ಬದಲಾವಣೆಗೆ 33228 ಮತ್ತು 33233 ಎರಡೂ ಇದ್ದರೆ, ತೆಗೆದ ಕೆಲಸಕ್ಕೆ ಎರಡು ಸಲ ಹಣ ಕೇಳಿದಂತಾಗುತ್ತದೆ. ಪಟ್ಟಿಯ ನಿಯಮವೇ ಇದನ್ನು ಒಪ್ಪುವುದಿಲ್ಲ.

ಇವುಗಳ ನೆರೆಹೊರೆಯ ಸಂಖ್ಯೆಗಳನ್ನೂ ಸ್ವಲ್ಪ ತಿಳಿದಿರುವುದು ಒಳ್ಳೆಯದು. ಹೊಸ ಪೆಟ್ಟಿಗೆಯ ಜೊತೆಗೆ ಹೊಸ ತಂತಿಯನ್ನೂ ಹಾಕಿ ಪೇಸ್‌ಮೇಕರ್ ಅಳವಡಿಸುವುದಕ್ಕೆ ಮೂರು ಸಂಖ್ಯೆಗಳಿವೆ. ತಂತಿ ಹೃತ್ಕರ್ಣದಲ್ಲಿದ್ದರೆ 33206, ಹೃತ್ಕುಕ್ಷಿಯಲ್ಲಿದ್ದರೆ 33207, ಎರಡರಲ್ಲೂ ಇದ್ದರೆ 33208. ಮೊದಲ ಸಲ ಪೇಸ್‌ಮೇಕರ್ ಹಾಕಿಸಿಕೊಂಡವರ ಬಿಲ್ಲಿನಲ್ಲಿ ಇವು ಇರುತ್ತವೆ. ಹಳೆಯ ಪೆಟ್ಟಿಗೆ ತೆಗೆದು, ಹೊಸ ಪೆಟ್ಟಿಗೆ ಮತ್ತು ಹೊಸ ತಂತಿಗಳೆರಡನ್ನೂ ಹಾಕಿದಾಗ ಇವುಗಳ ಜೊತೆ 33233 ಬರುವುದು ಸರಿ. ಹಳೆಯ ತಂತಿಯನ್ನು ಹೊರಕ್ಕೆ ಎಳೆದು ತೆಗೆದಿದ್ದರೆ 33234 ಅಥವಾ 33235 ಸೇರುತ್ತದೆ. ಒಂದು ತಂತಿಯ ಪೇಸ್‌ಮೇಕರನ್ನು ಎರಡು ತಂತಿಯದಾಗಿ ಬಡ್ತಿ ಮಾಡಿದರೆ 33214.

ವರ್ಷಗಟ್ಟಲೆ ಒಳಗೆ ಕುಳಿತ ತಂತಿ ಅಭಿಧಮನಿಗೂ ಹೃದಯದ ಗೋಡೆಗೂ ಬೆಸೆದುಕೊಂಡಿರುತ್ತದೆ. ಅದನ್ನು ಎಳೆದು ತೆಗೆಯುವುದು ಪೆಟ್ಟಿಗೆ ಬದಲಿಸಿದಷ್ಟು ಹಗುರವಾದ ಕೆಲಸವಲ್ಲ, ಅದರ ಅಪಾಯವೂ ಹೆಚ್ಚು. ಆದ್ದರಿಂದ ತಂತಿ ತೆಗೆದ ಸಂಖ್ಯೆ ಬಿಲ್ಲಿನಲ್ಲಿ ಕಂಡರೆ, 'ತಂತಿ ತೆಗೆದರೇ? ಏಕೆ ತೆಗೆದರು?' ಎಂದು ವೈದ್ಯರನ್ನು ಕೇಳಲೇಬೇಕು. ಹಣದ ದೃಷ್ಟಿಯಿಂದ ಮಾತ್ರವಲ್ಲ, ಮುಂದಿನ ಚಿಕಿತ್ಸೆಗೂ ಈ ಮಾಹಿತಿ ಬೇಕಾಗುತ್ತದೆ.

ಇನ್ನೆರಡು ಮಾತು. ತಂತಿಯೇ ಇಲ್ಲದೆ ಹೃತ್ಕುಕ್ಷಿಯೊಳಗೇ ಕೂರುವ ಪುಟ್ಟ ಪೇಸ್‌ಮೇಕರುಗಳೂ ಈಗ ಇವೆ. ಅವುಗಳನ್ನು ಹಾಕುವುದಕ್ಕೆ 33274, ತೆಗೆಯುವುದಕ್ಕೆ 33275 ಎಂಬ ಸಂಖ್ಯೆಗಳು 2019ರಲ್ಲಿ ಬಂದವು. ಹಾಗೆಯೇ, ಅಪಾಯಕಾರಿಯಾಗಿ ಓಡುವ ಹೃದಯಕ್ಕೆ ವಿದ್ಯುತ್ ಆಘಾತ ಕೊಟ್ಟು ಸರಿಪಡಿಸುವ ಡಿಫಿಬ್ರಿಲೇಟರ್ ಎಂಬ ಸಾಧನವೂ ಎದೆಯಲ್ಲೇ ಇರುತ್ತದೆ. ಹೊರಗಿನಿಂದ ನೋಡಲು ಎರಡೂ ಒಂದೇ. ಆದರೆ ಅದರ ಪೆಟ್ಟಿಗೆ ಬದಲಾವಣೆಗೆ ಸಂಖ್ಯೆಗಳು ಬೇರೆ: 33262, 33263, 33264. ಪೇಸ್‌ಮೇಕರ್ ಇದ್ದವರ ಬಿಲ್ಲಿನಲ್ಲಿ ಇವು ಇರುವಂತಿಲ್ಲ.

ಕಾರಣ ಹೇಳುವ ಸಂಕೇತ

ಬ್ಯಾಟರಿ ತನ್ನ ಆಯಸ್ಸು ತೀರಿಸಿ ಸಹಜವಾಗಿ ಮುಗಿದಿದ್ದರೆ ಬರೆಯುವ ಸಂಕೇತ ಝಡ್45.010. ಪೇಸ್‌ಮೇಕರ್ ಬ್ಯಾಟರಿಯ ತಪಾಸಣೆ ಅಥವಾ ಬದಲಾವಣೆಗಾಗಿ ಬಂದವರು ಎಂದು ಇದರರ್ಥ. ಪೆಟ್ಟಿಗೆ ಅವಧಿಗೆ ಮೊದಲೇ ಕೆಟ್ಟಿದ್ದರೆ ಟಿ82.111ಎ ಎಂದು ಬರೆಯುತ್ತಾರೆ. ಇದು 'ಸಾಧನ ಕೆಟ್ಟಿದೆ' ಎಂದು ಹೇಳುವ ಸಂಕೇತ. ಝಡ್95.0 ಎಂಬುದು 'ಈ ವ್ಯಕ್ತಿಗೆ ಪೇಸ್‌ಮೇಕರ್ ಇದೆ' ಎಂದಷ್ಟೇ ಹೇಳುತ್ತದೆ. ನೆಗಡಿಗೆ ಹೋದವರ ಬಿಲ್ಲಿನಲ್ಲೂ ಇದು ಇರಬಹುದು. ಬದಲಾವಣೆ ಏಕೆ ಬೇಕಾಯಿತು ಎಂಬುದಕ್ಕೆ ಅದು ಉತ್ತರವಲ್ಲ.

ಸಹಜವಾಗಿ ಮುಗಿದದ್ದು, ಕೆಟ್ಟುಹೋದದ್ದು ಎಂಬ ಈ ವ್ಯತ್ಯಾಸ ಹಣದ ಮಟ್ಟಿಗೂ ಮುಖ್ಯ. ಖಾತರಿಯ ಅವಧಿಯೊಳಗೆ ಪೆಟ್ಟಿಗೆ ಕೈಕೊಟ್ಟರೆ, ಅಥವಾ ದೋಷವಿದೆ ಎಂದು ತಯಾರಕರೇ ಆ ಮಾದರಿಯನ್ನು ಹಿಂದಕ್ಕೆ ಕರೆಸಿಕೊಂಡರೆ, ಹೊಸದು ಪುಕ್ಕಟೆಯಾಗಿ ಅಥವಾ ರಿಯಾಯಿತಿಯಲ್ಲಿ ಆಸ್ಪತ್ರೆಗೆ ಸಿಗಬಹುದು. ಮೆಡಿಕೇರ್ ನಿಯಮದ ಪ್ರಕಾರ, ಈ ರಿಯಾಯಿತಿ ಸಾಧನದ ಬೆಲೆಯ ಅರ್ಧ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಆಸ್ಪತ್ರೆ ಅದನ್ನು ಬಿಲ್ಲಿನಲ್ಲಿ ತಿಳಿಸಬೇಕು. ಅವಧಿಗೆ ಮೊದಲೇ ಬದಲಿಸಿದ್ದಕ್ಕೆ 49, ಹಿಂದಕ್ಕೆ ಕರೆಸಿಕೊಂಡ ಮಾದರಿಗೆ 50 ಎಂಬ ಸ್ಥಿತಿ ಸಂಕೇತಗಳಿವೆ. ಮೂರು ನಾಲ್ಕು ವರ್ಷಕ್ಕೇ ಪೆಟ್ಟಿಗೆ ಬದಲಿಸಬೇಕಾಗಿ ಬಂದವರು 'ಖಾತರಿ ಇತ್ತೇ? ರಿಯಾಯಿತಿ ಬಂತೇ?' ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಒಂದೇ ಆಪರೇಷನ್ನಿಗೆ ಎರಡು ಬಿಲ್ಲು ಏಕೆ?

ನಮ್ಮಲ್ಲಿ ಆಸ್ಪತ್ರೆಯ ಬಿಲ್ಲಿನಲ್ಲೇ ಸಾಮಾನ್ಯವಾಗಿ ವೈದ್ಯರ ಶುಲ್ಕವೂ ಸೇರಿರುತ್ತದೆ. ಅಮೆರಿಕದಲ್ಲಿ ವೈದ್ಯರ ಬಿಲ್ಲು ಬೇರೆ, ಆಸ್ಪತ್ರೆಯ ಬಿಲ್ಲು ಬೇರೆಯಾಗಿ ಬರುವುದು ರೂಢಿ. ಅರಿವಳಿಕೆ ತಜ್ಞರಿದ್ದರೆ ಅವರದು ಮೂರನೆಯದು. ಆದ್ದರಿಂದ ವೈದ್ಯರ ಬಿಲ್ಲಿನಲ್ಲೂ ಆಸ್ಪತ್ರೆಯ ಬಿಲ್ಲಿನಲ್ಲೂ 33228 ಎಂದು ಕಂಡರೆ ಎರಡು ಸಲ ಹಾಕಿದ್ದಾರೆಂದು ಭಾವಿಸಬಾರದು. ಒಂದು ವೈದ್ಯರ ಕೈಕೆಲಸಕ್ಕೆ, ಇನ್ನೊಂದು ಕೊಠಡಿ, ದಾದಿಯರು, ಉಪಕರಣ ಮತ್ತು ಹೊಸ ಪೆಟ್ಟಿಗೆಯ ಖರ್ಚಿಗೆ. ಒಬ್ಬರದೇ ಬಿಲ್ಲಿನಲ್ಲಿ ಅದು ಎರಡು ಸಲ ಬಂದರೆ ಮಾತ್ರ ಪ್ರಶ್ನಿಸಬೇಕು.

ಆಸ್ಪತ್ರೆಯ ವಿವರವಾದ ಬಿಲ್ಲಿನಲ್ಲಿ ಪೆಟ್ಟಿಗೆಗೇ ಒಂದು ಸಂಕೇತ ಇರುತ್ತದೆ. ನಡಿಗೆ, ಶ್ರಮಕ್ಕೆ ತಕ್ಕಂತೆ ಮಿಡಿತ ಹೊಂದಿಸುವ ಎರಡು ಕೋಣೆಯ ಪೇಸ್‌ಮೇಕರಿಗೆ ಸಿ1785, ಒಂದು ಕೋಣೆಯದಕ್ಕೆ ಸಿ1786. ಆ ಸಾಲಿನ ಪಕ್ಕದಲ್ಲಿ 0275 ಎಂದಿದ್ದರೆ ಅದು ಪೇಸ್‌ಮೇಕರ್ ಸಾಮಗ್ರಿಯ ಲೆಕ್ಕದ ಶೀರ್ಷಿಕೆ.

ರೋಗಿ ಹೊರರೋಗಿಯಾಗಿ ಬಂದು ಹೋದರೆ ಆಸ್ಪತ್ರೆ ಐದಂಕಿಯ ಸಂಖ್ಯೆಯನ್ನೇ ಬಳಸುತ್ತದೆ. ಒಳರೋಗಿಯಾಗಿ ದಾಖಲಾದರೆ ಪದ್ಧತಿ ಬೇರೆ. ಅಲ್ಲಿ ಅಕ್ಷರ, ಅಂಕಿ ಬೆರೆತ ಏಳು ಸ್ಥಾನಗಳ ಸಂಕೇತ ಬರೆಯುತ್ತಾರೆ. ಮೆಡಿಕೇರ್ ಇಡೀ ದಾಖಲಾತಿಗೆ ಒಂದು ಗುಂಪಿನ ಲೆಕ್ಕದಲ್ಲಿ ಹಣ ಕೊಡುತ್ತದೆ. ಪೇಸ್‌ಮೇಕರ್ ಪೆಟ್ಟಿಗೆ ಬದಲಾವಣೆಯ ಗುಂಪುಗಳು 258 ಮತ್ತು 259. ಜೊತೆಗೆ ಬೇರೆ ಗಂಭೀರ ತೊಂದರೆ ಇದ್ದವರು ಮೊದಲನೆಯದಕ್ಕೆ, ಉಳಿದವರು ಎರಡನೆಯದಕ್ಕೆ ಸೇರುತ್ತಾರೆ. ಆಸ್ಪತ್ರೆಯಲ್ಲಿ ಒಂದು ರಾತ್ರಿ ಮಲಗಿದ ಮಾತ್ರಕ್ಕೆ ಒಳರೋಗಿ ಎಂದಾಗುವುದಿಲ್ಲ. 'ನಮ್ಮ ತಂದೆಯವರನ್ನು ಒಳರೋಗಿಯಾಗಿ ದಾಖಲಿಸಿದ್ದೀರಾ, ಹೊರರೋಗಿಯಾಗಿಯೇ ಇರಿಸಿದ್ದೀರಾ?' ಎಂದು ಅಲ್ಲೇ ಕೇಳಿಬಿಡುವುದು ಲೇಸು.

ಒಂದು ಉದಾಹರಣೆ

ಎಪ್ಪತ್ತೆರಡು ವರ್ಷದ ಹಿರಿಯರೊಬ್ಬರು ಮಗಳ ಜೊತೆ ನ್ಯೂಜೆರ್ಸಿಯಲ್ಲಿದ್ದಾರೆ ಎಂದುಕೊಳ್ಳೋಣ. ಹತ್ತು ವರ್ಷದ ಹಿಂದೆ ಮೈಸೂರಿನಲ್ಲಿ ಅವರಿಗೆ ಎರಡು ತಂತಿಗಳ ಪೇಸ್‌ಮೇಕರ್ ಹಾಕಿದ್ದಾರೆ. ಈಗ ಬ್ಯಾಟರಿ ಮುಗಿಯುತ್ತ ಬಂದಿದೆ. ತಂತಿಗಳು ಚೆನ್ನಾಗಿವೆ. ಪೆಟ್ಟಿಗೆ ಮಾತ್ರ ಬದಲಾಗಿ ಸಂಜೆಗೆ ಮನೆಗೆ ಬಂದಿದ್ದಾರೆ.

ಮೊದಲೇ ಹೇಳಿದ ಮೂರು ಪ್ರಶ್ನೆ ಕೇಳೋಣ. ತೆಗೆದದ್ದು ಏನು? ಹಳೆಯ ಪೆಟ್ಟಿಗೆ. ಇಟ್ಟದ್ದು ಏನು? ಹೊಸ ಪೆಟ್ಟಿಗೆ. ಬಿಟ್ಟದ್ದು ಏನು? ಎರಡು ತಂತಿ. ಹಾಗಾದರೆ ವೈದ್ಯರ ಬಿಲ್ಲಿನಲ್ಲಿ 33228 ಇರಬೇಕು, ಕಾರಣವಾಗಿ ಝಡ್45.010 ಇರಬೇಕು. ಆಸ್ಪತ್ರೆಯ ಬಿಲ್ಲಿನಲ್ಲಿ 33228 ಜೊತೆಗೆ ಪೆಟ್ಟಿಗೆಯ ಸಂಕೇತ ಇರಬೇಕು. ಅದರ ಬದಲು 33208 ಎಂದಿದ್ದರೆ? ಅದು ಹೊಸ ತಂತಿಗಳನ್ನೂ ಹಾಕಿದ ಸಂಖ್ಯೆ. ಇವರಿಗೆ ಹೊಸ ತಂತಿ ಹಾಕಿಲ್ಲ. 33227 ಎಂದಿದ್ದರೆ? ಇವರಿಗಿರುವುದು ಒಂದಲ್ಲ, ಎರಡು ತಂತಿ. ಸಂಖ್ಯೆ ರೋಗಿಗೆ ಹಣ ಹೆಚ್ಚಿಸುವಂತೆ ತಪ್ಪಿರಲಿ, ಕಡಿಮೆ ಮಾಡುವಂತೆ ತಪ್ಪಿರಲಿ, ಸರಿಪಡಿಸಿಕೊಳ್ಳುವುದೇ ಒಳ್ಳೆಯದು. ಮುಂದೊಮ್ಮೆ ಬೇರೆ ವೈದ್ಯರು ದಾಖಲೆ ನೋಡಿದಾಗ 'ಇವರಿಗೆ ಒಂದೇ ತಂತಿ' ಎಂದು ತಿಳಿಯುವ ಪ್ರಸಂಗ ಬರಬಾರದು.

ಇನ್ನೊಂದು ಉಪಯುಕ್ತ ವಿಷಯ. ಮೆಡಿಕೇರ್ ಲೆಕ್ಕದಲ್ಲಿ ಈ ಬದಲಾವಣೆಯ ವೈದ್ಯರ ಶುಲ್ಕದಲ್ಲೇ ನಂತರದ 90 ದಿನಗಳ ಸಾಮಾನ್ಯ ಮರುಭೇಟಿಗಳೂ ಸೇರಿವೆ. ಗಾಯ ನೋಡಲು ಅದೇ ವೈದ್ಯರು ಎರಡನೆಯ ವಾರ ಕರೆಸಿದ್ದಕ್ಕೆ ಬೇರೆ ಶುಲ್ಕ ಬಂದಿದ್ದರೆ ವಿಚಾರಿಸಬಹುದು. ಪೇಸ್‌ಮೇಕರಿನ ತಾಂತ್ರಿಕ ತಪಾಸಣೆಗೆ ಮಾತ್ರ ಪ್ರತ್ಯೇಕ ಸಂಖ್ಯೆಗಳಿವೆ.

ಹಣ ಕೊಡುವವರು ಯಾರು?

ಇಲ್ಲಿಂದ ಹೋಗುವ ತಂದೆತಾಯಿಯರು 65 ದಾಟಿದ್ದಾರೆ ಎಂದ ಮಾತ್ರಕ್ಕೆ ಮೆಡಿಕೇರ್ ಸಿಗುವುದಿಲ್ಲ. ಪ್ರವಾಸಿ ವೀಸಾದಲ್ಲಿ ಹೋದವರಿಗೆ ಅದು ಇಲ್ಲ. ಗ್ರೀನ್ ಕಾರ್ಡ್ ಇದ್ದು, ಸತತವಾಗಿ ಐದು ವರ್ಷ ಅಲ್ಲಿ ವಾಸವಿದ್ದರೆ, ಕಂತು ಕಟ್ಟಿ ಸೇರಬಹುದು. ಪ್ರವಾಸಿಗಳಿಗಾಗಿ ಮಾರುವ ವಿಮೆಗಳಲ್ಲಿ ಮೊದಲೇ ಇದ್ದ ಕಾಯಿಲೆಗೆ ಸಾಮಾನ್ಯವಾಗಿ ರಕ್ಷಣೆ ಇರುವುದಿಲ್ಲ, ಇದ್ದರೂ ಮಿತವಾಗಿರುತ್ತದೆ. ನಿರೀಕ್ಷಿತವಾದ ಬ್ಯಾಟರಿ ಬದಲಾವಣೆಯನ್ನು ಅದು ಭರಿಸುತ್ತದೆ ಎಂದು ನಂಬಿ ವಿಮಾನ ಹತ್ತಬಾರದು. ಹೊರಡುವ ಮೊದಲು ಇಲ್ಲೇ ತಪಾಸಣೆ ಮಾಡಿಸಿ, ಬ್ಯಾಟರಿ ಇನ್ನೆಷ್ಟು ಕಾಲ ಬರುತ್ತದೆಂದು ಕೇಳಿ. ವರ್ಷದೊಳಗೆ ಮುಗಿಯುವಂತಿದ್ದರೆ, ಹೋಗುವುದು ಯಾವಾಗ, ಬದಲಾವಣೆ ಎಲ್ಲಿ ಎಂದು ನಿಮ್ಮ ಹೃದಯತಜ್ಞರೊಡನೆ ಮಾತನಾಡಿಯೇ ತೀರ್ಮಾನಿಸಿ.

ವಿಮೆಯಿಲ್ಲದವರಿಗೂ, ಸ್ವಂತ ಹಣದಿಂದ ಮಾಡಿಸಿಕೊಳ್ಳುವವರಿಗೂ ಅಮೆರಿಕದಲ್ಲಿ ಒಂದು ರಕ್ಷಣೆ ಇದೆ. 2022ರ ಜನವರಿ 1ರಿಂದ ಜಾರಿಗೆ ಬಂದ ಕಾನೂನಿನ ಪ್ರಕಾರ, ಮೊದಲೇ ದಿನ ಗೊತ್ತುಮಾಡಿದ ಚಿಕಿತ್ಸೆಗೆ ಆಸ್ಪತ್ರೆಯೂ ವೈದ್ಯರೂ ಅಂದಾಜು ವೆಚ್ಚವನ್ನು ಬರವಣಿಗೆಯಲ್ಲಿ ಕೊಡಬೇಕು. ಅದರಲ್ಲಿ ಚಿಕಿತ್ಸೆಯ ಮತ್ತು ಕಾರಣದ ಸಂಕೇತಗಳೂ ಇರಬೇಕು. ನಂತರ ಬಂದ ಬಿಲ್ಲು ಅಂದಾಜಿಗಿಂತ 400 ಡಾಲರ್ ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ, ಬಿಲ್ಲಿನ ತಾರೀಖಿನಿಂದ 120 ದಿನಗಳೊಳಗೆ ಸರ್ಕಾರದ ವಿವಾದ ಇತ್ಯರ್ಥ ವ್ಯವಸ್ಥೆಗೆ ದೂರು ಕೊಡಬಹುದು. ಅಂದಾಜು ಪತ್ರ ಕೈಯಲ್ಲಿದ್ದರೆ ಬಿಲ್ಲನ್ನು ಅದರ ಪಕ್ಕದಲ್ಲಿಟ್ಟು ಸಾಲುಸಾಲಾಗಿ ಹೋಲಿಸುವುದು ಸುಲಭ.

ಬಿಲ್ಲು ತಪ್ಪೆನಿಸಿದರೆ

1. ವಿಮಾ ಸಂಸ್ಥೆಯಿಂದ ಬರುವ ಲಾಭ ವಿವರಣೆಯ ಪತ್ರ ಬಿಲ್ಲಲ್ಲ. ಯಾರಿಗೆ ಎಷ್ಟು ಕೊಟ್ಟೆವು, ನಿಮ್ಮ ಪಾಲು ಎಷ್ಟು ಎಂದು ತಿಳಿಸುವ ಕಾಗದ ಅದು. ಅದನ್ನು ನೋಡಿ ಅವಸರದಲ್ಲಿ ಹಣ ಕಟ್ಟಬೇಡಿ.

2. ಸಂಕೇತ ಸಹಿತವಾದ, ಸಾಲುಸಾಲಾಗಿ ವಿವರವಿರುವ ಬಿಲ್ಲನ್ನು ಕೇಳಿ ಪಡೆಯಿರಿ. ಒಟ್ಟು ಮೊತ್ತ ಮಾತ್ರವಿರುವ ಹಾಳೆಯಿಂದ ಏನೂ ತಿಳಿಯುವುದಿಲ್ಲ.

3. ವೈದ್ಯರು ಬರೆದ ಶಸ್ತ್ರಚಿಕಿತ್ಸಾ ವರದಿಯ ಪ್ರತಿ ತೆಗೆದುಕೊಳ್ಳಿ. ಏನು ತೆಗೆದರು, ಏನು ಇಟ್ಟರು, ತಂತಿ ಎಷ್ಟು ಎಂಬುದೆಲ್ಲ ಅದರಲ್ಲಿರುತ್ತದೆ. ಬಿಲ್ಲು ಒಪ್ಪಬೇಕಾದ್ದು ಈ ವರದಿಗೆ.

4. ವ್ಯತ್ಯಾಸ ಕಂಡರೆ ಮೊದಲು ಬಿಲ್ಲಿಂಗ್ ವಿಭಾಗಕ್ಕೆ ಕರೆ ಮಾಡಿ, ನಂತರ ಪತ್ರ ಬರೆಯಿರಿ. ಮಾತನಾಡಿದವರ ಹೆಸರು, ತಾರೀಖು ಗುರುತು ಹಾಕಿಕೊಳ್ಳಿ. ಬಹಳಷ್ಟು ತಪ್ಪುಗಳು ಕೈತಪ್ಪಿನಿಂದಾದವು. ಜಗಳದ ದನಿಗಿಂತ ವರದಿಯ ಪ್ರತಿ ಹೆಚ್ಚು ಕೆಲಸ ಮಾಡುತ್ತದೆ.

5. ಖಾಸಗಿ ವಿಮೆ ಹಣ ನಿರಾಕರಿಸಿದರೆ ಸಾಮಾನ್ಯವಾಗಿ 180 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಕೆಲವು ಸಲ ಕಾರಣದ ಸಂಕೇತವನ್ನು ವೈದ್ಯರು ಸರಿಪಡಿಸಿ ಮತ್ತೆ ಕಳಿಸಿದರೆ ಸಾಕಾಗುತ್ತದೆ.

ನಮ್ಮೂರಿನಲ್ಲಿ ಹೇಗೆ?

ನಮ್ಮ ರಾಜ್ಯದ ಓದುಗರಿಗೆ ಈ ಐದಂಕಿಗಳು ಬೇಕಾಗುವುದಿಲ್ಲ. ಇಲ್ಲಿ ನಡೆಯುವುದು ಪ್ಯಾಕೇಜ್ ಪದ್ಧತಿ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲೂ ಒಂದೊಂದು ಚಿಕಿತ್ಸೆಗೆ ಒಂದೊಂದು ನಿಗದಿತ ಮೊತ್ತವಿದೆ. ಖಾಸಗಿ ಆಸ್ಪತ್ರೆಗಳೂ ಹೆಚ್ಚಾಗಿ ಒಟ್ಟು ಮೊತ್ತವನ್ನೇ ಹೇಳುತ್ತವೆ. ಆದರೆ ಕೇಳಬೇಕಾದ ಪ್ರಶ್ನೆಗಳು ಮಾತ್ರ ಅವೇ. ಪೆಟ್ಟಿಗೆ ಮಾತ್ರವೋ, ತಂತಿಯೂ ಸೇರಿಯೋ? ಒಂದು ತಂತಿಯದೋ, ಎರಡರದೋ? ಹಿಂದಿನದಕ್ಕೆ ಖಾತರಿ ಉಳಿದಿದೆಯೇ? ಹೊಸ ಪೆಟ್ಟಿಗೆಯ ಬೆಲೆ ಪ್ಯಾಕೇಜಿನ ಒಳಗೋ, ಹೊರಗೋ? ಈ ನಾಲ್ಕಕ್ಕೆ ಉತ್ತರ ಪಡೆದ ಮೇಲೆ ಸಹಿ ಹಾಕಿ.

ಕಡತದಲ್ಲಿ ಏನಿರಬೇಕು?

ಪೇಸ್‌ಮೇಕರ್ ಹಾಕಿದಾಗ ಕೊಡುವ ಚಿಕ್ಕ ಗುರುತಿನ ಚೀಟಿಯಲ್ಲಿ ತಯಾರಕರ ಹೆಸರು, ಮಾದರಿ, ಕ್ರಮಸಂಖ್ಯೆ, ಹಾಕಿದ ತಾರೀಖು ಇರುತ್ತವೆ. ಅದು ಸದಾ ರೋಗಿಯ ಜೇಬಿನಲ್ಲಿರಲಿ, ಫೋಟೋ ಮಕ್ಕಳ ಫೋನಿನಲ್ಲಿರಲಿ. ಡಿಸ್ಚಾರ್ಜ್ ಸಾರಾಂಶ, ಕೊನೆಯ ತಪಾಸಣೆಯ ವರದಿ, ಈಗ ತೆಗೆದುಕೊಳ್ಳುತ್ತಿರುವ ಔಷಧಿಗಳ ಪಟ್ಟಿ, ಇವಿಷ್ಟು ಒಂದೇ ಕಡತದಲ್ಲಿರಲಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿರುವವರು ಆಪರೇಷನ್ ಇದೆಯೆಂದು ತಾವಾಗಿಯೇ ಅದನ್ನು ನಿಲ್ಲಿಸಬಾರದು, ವೈದ್ಯರು ಹೇಳಿದಂತೆ ಮಾಡಬೇಕು. ಬದಲಾವಣೆಯ ನಂತರ ಸೋಂಕಿನ ಸಂಭವ ಮೊದಲ ಸಲಕ್ಕಿಂತ ಹೆಚ್ಚು. ಗಾಯದ ಜಾಗ ಕೆಂಪಾದರೆ, ಊದಿದರೆ, ಕೀವು ಸೋರಿದರೆ, ಜ್ವರ ಬಂದರೆ ತಡಮಾಡದೆ ತೋರಿಸಬೇಕು.

ಕೊನೆಯದಾಗಿ ಒಂದು ಎಚ್ಚರಿಕೆ. ಬಿಲ್ಲಿನ ಭಯದಿಂದ ಬ್ಯಾಟರಿ ಬದಲಾವಣೆಯನ್ನು ತಿಂಗಳಿಂದ ತಿಂಗಳಿಗೆ ತಳ್ಳುವುದು ಬಹಳ ಅಪಾಯ. ಕೆಲವರ ಹೃದಯ ಪೂರ್ತಿಯಾಗಿ ಪೇಸ್‌ಮೇಕರನ್ನೇ ನಂಬಿರುತ್ತದೆ. ಅವರಲ್ಲಿ ಬ್ಯಾಟರಿ ನಿಂತರೆ ಮಿಡಿತವೇ ನಿಲ್ಲಬಹುದು. ಪೇಸ್‌ಮೇಕರ್ ಇದ್ದವರಿಗೆ ತಲೆಸುತ್ತು, ಪ್ರಜ್ಞೆ ತಪ್ಪುವುದು, ನಾಡಿ ತೀರ ನಿಧಾನವಾಗುವುದು ಕಂಡುಬಂದರೆ ವಿಮೆ, ಸಂಕೇತ ಯಾವುದನ್ನೂ ಯೋಚಿಸದೆ ತುರ್ತು ಚಿಕಿತ್ಸೆಗೆ ಕರೆದೊಯ್ಯಬೇಕು. ಅಮೆರಿಕದಲ್ಲೂ, ಮೆಡಿಕೇರ್ ಒಪ್ಪುವ ಆಸ್ಪತ್ರೆಗಳ ತುರ್ತು ವಿಭಾಗ ಹಣ ಇದೆಯೋ ಇಲ್ಲವೋ ಎಂದು ನೋಡದೆ ರೋಗಿಯನ್ನು ಪರೀಕ್ಷಿಸಿ ಸ್ಥಿಮಿತಕ್ಕೆ ತರಲೇಬೇಕೆಂದು 1986ರಿಂದ ಕಾನೂನಿದೆ. ಬಿಲ್ಲಿನ ತಪ್ಪನ್ನು ಆರು ತಿಂಗಳ ನಂತರವೂ ತಿದ್ದಿಸಬಹುದು. ನಿಂತ ಮಿಡಿತ ಅಷ್ಟು ಹೊತ್ತು ಕಾಯುವುದಿಲ್ಲ.